ಸದ್ದಿಗೆ ಎಷ್ಟು ಅಂಕ

“ಸಾಕು ಮಾಡ್ರಿ ಇನ್ನ” ಎಂದು ವರದಾ ಗಟ್ಟಿಯಾಗಿಯೇ ಹೇಳಿದಳು. ಹೇಳಿದ ಮೇಲೆ ಅವಳ ಕೈಯ ಕೆಂಪು ಪೆನ್ನು ಒಂಬತ್ತನೇ ಕ್ಲಾಸಿನ ಯಾವುದೋ ಹುಡುಗಿಯ ಲೆಕ್ಕದ ನಡುವೆ ನಿಂತಿತು. ಮನೆಯಲ್ಲಿ ಅವಳೊಬ್ಬಳೇ. ಗಂಡ ಸುಜಯೀಂದ್ರ ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ಹಿಂದಿನ ಕೋಣೆಯಲ್ಲಿ, ಅವನ ಪುಟ್ಟ ರೈಲುಗಳ ಮೇಜಿದ್ದ ಕೋಣೆಯಲ್ಲಿ, ನಡೆಯುತ್ತಿದ್ದ ಏನೋ ಒಂದು ಅವಳ ಮಾತು ಕೇಳಿ ತಟ್ಟನೆ ನಿಂತ ಹಾಗಾಯಿತು. ಸದ್ದು ಕೇಳಿಸಿತ್ತೆಂದು ಅವಳು ಆಣೆಯಿಟ್ಟು ಹೇಳಲಾರಳು. ಕೇಳಿಸಿದ್ದು ಸದ್ದು ನಿಂತದ್ದು. ಕರೆಂಟು ಹೋಗಿ ಫ್ಯಾನು ನಿಂತ ಮೇಲಷ್ಟೇ ಅದು ಇಷ್ಟು ಹೊತ್ತು ತಿರುಗುತ್ತಿತ್ತೆಂದು ತಿಳಿಯುವ ಹಾಗೆ. ಬಳ್ಳಾರಿ ಕಂಟೋನ್ಮೆಂಟಿನ ಆ ಹಳೆಯ ಮನೆಯ ಚಾವಣಿ ಎತ್ತರ. ಆಡಿದ ಮಾತು ಮೇಲೆ ಹೋಗಿ, ಒಂದು ಗಳಿಗೆ ತಡೆದು ಕೆಳಗಿಳಿಯುತ್ತದೆ. ಮದುವೆಯಾದ ಹೊಸತರಲ್ಲಿ ಅವನು ಅದನ್ನೇ ತಮಾಷೆ ಮಾಡುತ್ತಿದ್ದ: “ನೀ ಒಂದ್ಸಲ ಬೈದ್ರ ನಂಗ ಎರಡ್ಸಲ ಕೇಳ್ತದ.” ಆಗ ತಾನು ನಕ್ಕಿದ್ದಳೋ ಮುಖ ಊದಿಸಿಕೊಂಡಿದ್ದಳೋ ಅವಳಿಗೆ ನೆನಪಿಲ್ಲ. ಅವನ ಮುಖವನ್ನು ನೆನಪಿಸಿಕೊಳ್ಳಲು ಹೋದರೆ ಬರುವುದು ಬೆನ್ನು: ಮೇಜಿನ ಮೇಲೆ ಬಾಗಿದ, ಬನಿಯನ್ನಿನ ಹೊಲಿಗೆ ಭುಜದ ಹತ್ತಿರ ಬಿಚ್ಚಿದ ಬೆನ್ನು. ಇನ್ನು ತಡಮಾಡಿದರೆ ಅದೂ ಬರಲಿಕ್ಕಿಲ್ಲವೆಂದು ಹೆದರಿ, ಉತ್ತರಪತ್ರಿಕೆಗಳನ್ನು ಮಡಿಸಿಟ್ಟು, ಅವಳು ಎದ್ದು ಆ ಕೋಣೆಗೆ ಹೋದಳು. ಇವತ್ತು ಭಾನುವಾರ. ಸಿರುಗುಪ್ಪಕ್ಕೆ ಹೋಗಬೇಕು.

ಗಾಜಿನ ಕಪಾಟಿನಲ್ಲಿ ಇಂಜಿನ್ನುಗಳು ಸಾಲಾಗಿ ಅವಳ ಕಡೆಗೇ ಮುಖ ಮಾಡಿ ನಿಂತಿದ್ದವು. ನಿಜವಾದ ಇಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಆಟಿಕೆ ಅಂದರೆ ನೊಂದುಕೊಳ್ಳುತ್ತಿದ್ದ. “ಆಟಿಕೆ ಅಲ್ಲ, ಮಾಡೆಲ್.” ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಊಟದ ಡಬ್ಬಿಯನ್ನು ಕೂಡ ಸದ್ದಾಗದಂತೆ ಮುಚ್ಚುವವನು, ಸಂಜೆಯಾದರೆ ಈ ಕೋಣೆಯಲ್ಲಿ ಎರಡು ಬೇರೆ ಬೇರೆ ಕಂಪನಿಯ ಇಂಜಿನ್ನುಗಳನ್ನು ಅಕ್ಕಪಕ್ಕ ಹಳಿಯ ಮೇಲಿಟ್ಟು, ಯಾವುದು ಮೇಲು ಎಂದು ಫೋನಿನ ಕ್ಯಾಮೆರಾದ ಮುಂದೆ ಹೇಳುತ್ತಿದ್ದ. ಅದನ್ನು ಯೂಟ್ಯೂಬಿಗೆ ಹಾಕುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನಿರುವಾಗ ಬಿಗುಮಾನದಿಂದ ನೋಡಿರಲಿಲ್ಲ. ಹೋದ ಮೇಲೆ ಧೈರ್ಯವಿರಲಿಲ್ಲ. ಕೊನೆಯದಾಗಿ ಅವನು ಹೋಲಿಸುತ್ತಿದ್ದದ್ದು ಒಂದೇ ಜಾತಿಯ ಎರಡು ಡೀಸೆಲ್ ಇಂಜಿನ್ನುಗಳನ್ನು. ಒಂದು ಅಮೆರಿಕದ ಕಂಪನಿಯದು, ಅದಕ್ಕೆ ನಮ್ಮ ರೈಲ್ವೆಯ ಬಣ್ಣವನ್ನು ಅವನೇ ಬಳಿದಿದ್ದ. ಇನ್ನೊಂದು ಪುಣೆಯಲ್ಲಿ ಇಬ್ಬರೇ ಕೂತು ನಡೆಸುವ ಕಾರ್ಖಾನೆಯದು, ಒಳಗೆ ಪುಟ್ಟ ಸ್ಪೀಕರು ಇರುವಂಥದು. ಎರಡನ್ನೂ ಅವಳು ಅವನ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿದಳು. ಅಮೆರಿಕದ್ದು ಅಂಗೈಗೆ ಭಾರವಾಗಿ ತಣ್ಣಗೆ ಕೂತಿತು. ಪುಣೆಯದು ಹಗುರ, ಅದರ ಮುಂದಿನ ದೀಪ ಕೂದಲೆಳೆಯಷ್ಟು ವಾರೆಯಾಗಿತ್ತು, ಮೆಳ್ಳಗಣ್ಣಿನ ಮಗು ದಿಟ್ಟಿಸಿದ ಹಾಗೆ. ಅವಳು ಅದರ ಮುಖವನ್ನೇ ಮೊದಲು ಮುಚ್ಚಿದಳು.

ಸಿರುಗುಪ್ಪದಿಂದ ಫೋನು ಮಾಡಿದವನು ಹುಲುಗೇಶ್. ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟವನು. ಸುಜಯೀಂದ್ರ ಫೋನಿನಲ್ಲಿ ಹಿಡಿದದ್ದನ್ನೆಲ್ಲ ಅವನಿಗೆ ಕಳಿಸುತ್ತಿದ್ದನಂತೆ. ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ ಯೂಟ್ಯೂಬಿಗೆ ಏರಿಸುತ್ತಿದ್ದವನು ಅವನೇ. “ಸರ್ ಕೊನೀದು ಅರ್ಧಕ್ಕ ಬಿಟ್ಟ್ ಹೋಗ್ಯಾರ್ರಿ ಮೇಡಂ. ಆ ಎರಡು ಇಂಜಿನ್ ತಗೊಂಡು ನೀವು ಒಂದ್ಸಲ ಬಂದ್ರ, ನಾವಽ ಕೂಡಿ ಮುಗಸ್ತೀವಿ” ಎಂದಿದ್ದ. ಗಂಡ ತಿಂಗಳಿಗೊಂದು ಭಾನುವಾರ ಆಫೀಸಿನ ಕೆಲಸವೆಂದು ಹೋಗುತ್ತಿದ್ದದ್ದು ಅಲ್ಲಿಗೆ ಎಂದು ಅವಳಿಗೆ ಆಗ ತಿಳಿಯಿತು. ಬೇರೆ ಹೆಂಗಸಾಗಿದ್ದರೆ ಏನೆಲ್ಲ ಊಹಿಸುತ್ತಿದ್ದಳೋ. ಇವಳಿಗಾದದ್ದು ಅದಕ್ಕಿಂತ ಸಣ್ಣ, ಅದಕ್ಕೇ ಯಾರಿಗೂ ಹೇಳಲಾಗದ ಅವಮಾನ: ಪುಟ್ಟ ರೈಲು ಓಡಿಸಲು ಹೋಗುತ್ತೇನೆಂದು ಹೇಳಲಾಗದೆ, ಸುಳ್ಳು ಹೇಳಿ ಹೋಗಬೇಕಾದಷ್ಟು ತಾನು ಅವನಿಗೆ ಬೆದರಿಕೆಯಾಗಿದ್ದಳು.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕೋಟೆ ಗುಡ್ಡ ಹಿಂದಾಗಿ ಊರು ಮುಗಿಯುತ್ತಿದ್ದಂತೆ ಬಿಸಿಲು ಏರಿತು. ಇನ್ನೂ ಮುಂದೆ ಕಾಲುವೆಯ ನೀರು, ನಾಟಿಯಾದ ಗದ್ದೆ, ರೈಸ್ ಮಿಲ್ಲಿನ ಹೊಟ್ಟಿನ ವಾಸನೆ. ಹಿಂದೊಮ್ಮೆ ರಾಯಚೂರಿನಲ್ಲಿ ನಡೆದ ಯಾರದೋ ಮುಂಜಿ ನೆನಪಾಯಿತು. ಊಟದ ಪಂಕ್ತಿಯಲ್ಲಿ ದೊಡ್ಡವರೊಬ್ಬರು, “ಏನಪಾ ಸುಜಯಿ, ನಿನ್ನ ರೈಲು ಎಲ್ಲಿತನಕ ಬಂತು?” ಎಂದು ಕೇಳಿದ್ದರು. ಎಲೆಯ ಮುಂದೆ ಕೂತವರೆಲ್ಲ ನಕ್ಕರು. ಅವನು ಕೂಡ ನಗುತ್ತಾ, ನಿಜವಾಗಿಯೇ ಉತ್ತರ ಹೇಳಲು ಬಾಯಿ ತೆರೆದಿದ್ದ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ತಾನು. ಅವನ ಪಕ್ಷದವಳಲ್ಲ ಎಂದು ತೋರಿಸಿಕೊಳ್ಳಲು ಎಷ್ಟು ಆತುರ! ಬಸ್ಸು ಯಾವುದೋ ಕ್ರಾಸಿನಲ್ಲಿ ನಿಂತು, ಕರೂರಿಗೆ ಕಳೆ ತೆಗೆಯಲು ಹೊರಟ ಹೆಂಗಸರು ಬುತ್ತಿಗಂಟಿನೊಂದಿಗೆ ಹತ್ತಿದರು. ಜಾಗ ಮಾಡಿಕೊಡುವಾಗ ಚೀಲದೊಳಗೆ ಒಂದು ಇಂಜಿನ್ನು ಇನ್ನೊಂದಕ್ಕೆ ತಗುಲಿ ಕಿಣ್ಣೆಂದಿತು. ಅವಳು ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಸಿರುಗುಪ್ಪದಲ್ಲಿ ಅವನ ಫೋಟೋ ಇಟ್ಟಿರಬಹುದು, ಹಾರ ಹಾಕಿರಬಹುದು, ನಾಲ್ಕು ಜನ ಸೇರಿರಬಹುದು. ಎರಡು ಮಾತು ಆಡಿರೆಂದು ಕೇಳಬಹುದು. ಅವರ ಈ ಪ್ರೀತಿಯನ್ನು ನಾನು ಎಂದೂ ತಡೆಯಲಿಲ್ಲ, ಎಂದು ಶುರುಮಾಡಬಹುದು. ವಾಕ್ಯ ಮನಸ್ಸಿನಲ್ಲಿ ಚೆನ್ನಾಗಿ ಕೂತಿತು. ಅದು ಅಷ್ಟು ಚೆನ್ನಾಗಿ ಕೂತದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಅಂಗಡಿ ಮುಖ್ಯರಸ್ತೆಯಲ್ಲೇ ಇತ್ತು. ಒಬ್ಬಾತ ಬಾಗಿಲಿಗೆ ಬೆನ್ನು ಮಾಡಿ, ಸ್ಟೂಲಿನ ಮೇಲೆ ನಿಂತು ಗೋಡೆಯ ಮೊಳೆಗಳಿಗೆ ಬೆಲ್ಟುಗಳನ್ನು ತೂಗುಹಾಕುತ್ತಿದ್ದ. “ಹುಲುಗೇಶ್ ಅವರ ಅಂಗಡಿ ಇದಽ ಏನ್ರಿ?” ಎಂದು ವರದಾ ಕೇಳಿದಳು. ಅವನ ಕೈಯಲ್ಲಿದ್ದ ಬೆಲ್ಟುಗಳೆಲ್ಲ ಕೆಳಗೆ ಬಿದ್ದವು. ಅವನು ತಿರುಗಿ ನೋಡುವ ಮೊದಲೇ, ಗೋಡೆಯ ಕಡೆ ಮುಖವಿರುವಾಗಲೇ, “ಮೇಡಂ, ಬಂದ್ರೇನ್ರಿ?” ಎಂದ. ಮೇಷ್ಟರು ಹಿಂದಿನಿಂದ ಬಂದು ನಿಂತಾಗ ಹುಡುಗರು ಸೆಟೆಯುವಂತೆ ಅವನ ಭುಜಗಳು ಸೆಟೆದಿದ್ದವು.

“ನಾ ಯಾರು ಅಂತ ಹೆಂಗ ಗೊತ್ತಾತು?”

“ದನಿರಿ... ದನಿ ಕೇಳಿ.” ಸ್ಟೂಲಿನಿಂದಿಳಿದು ಬೆಲ್ಟುಗಳನ್ನು ಆಯ್ದುಕೊಳ್ಳುತ್ತಾ ಅವನು ಸೇರಿಸಿದ, “ಫೋನಿನ್ಯಾಗ ಮಾತಾಡಿದ್ವೆಲ್ರಿ, ಅದಕ್ಕ. ಮ್ಯಾಲೆ ಬರ್ರಿ. ಕುರುಗೋಡಿಂದ ಹಾಲಸಿದ್ದಪ್ಪಾರು ಬಂದು ಕುಂತಾರ.”

ಮಹಡಿಯ ಮೇಲೆ ಫೋಟೋ ಇರಲಿಲ್ಲ, ಹಾರವೂ ಇಲ್ಲ. ಕೆಡವಿದ ಮನೆಯ ಹಳೆಯ ಬಾಗಿಲುಗಳನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅಡ್ಡ ಹಾಸಿ, ಅವುಗಳ ಮೇಲೆ ಹಳಿಗಳನ್ನು ಹರಡಿದ್ದರು. ಒಂದು ಏರು, ಒಂದು ಸುರಂಗ, ಗದ್ದೆಗಳಿಗೆ ಹಸಿರು ಬಣ್ಣದ ಮರದ ಹೊಟ್ಟು. ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಟೇಷನ್ನಿನ ಮೇಲೆ ‘ಸಿರುಗುಪ್ಪ’ ಎಂದು ಬರೆದಿತ್ತು. ಬಿಳಿ ಶರಟಿನ, ವಿಭೂತಿ ಹಚ್ಚಿದ ಹಿರಿಯರೊಬ್ಬರು ಎದ್ದು ಕೈಮುಗಿದರು. ಕುರುಗೋಡಿನಲ್ಲಿ ಅವರದು ಬಟ್ಟೆ ಅಂಗಡಿ. ಭಾನುವಾರ ಮಗ ನೋಡಿಕೊಳ್ಳುತ್ತಾನಂತೆ. “ನಮ್ಮ ಕಡೆ ರೈಲು ಬರ್ತತಿ, ಬರ್ತತಿ ಅಂತ ನಾ ಸಣ್ಣಾಂವ ಇದ್ದಾಗಿಂದ ಕೇಳಿಕೋಂತ ಬಂದೀನ್ರಿ ತಾಯಿ. ಬಂದಿದ್ದು ಈ ಬಾಗಿಲದ ಮ್ಯಾಲೊಂದ” ಎಂದು ನಕ್ಕರು. “ಸುಜಯೀಂದ್ರ ಸರು ಅಲ್ಲಿ, ಆ ಮೂಲ್ಯಾಗ ಕುಂದರ್ತಿದ್ರು.” ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಹುಲುಗೇಶ್ ಅವಳಿಗಾಗಿ ಬೇರೆ ಕುರ್ಚಿ ತಂದ.

ಇಂಜಿನ್ನುಗಳು ಪಂಚೆಯಿಂದ ಹೊರಬಂದ ಮೇಲೆ ಅವರಿಬ್ಬರೂ ಅವಳನ್ನು ಮರೆತೇಬಿಟ್ಟರು. ಅದೊಂದು ಸಮಾಧಾನವಾಗಿತ್ತು. ಹುಲುಗೇಶ್ ಅಮೆರಿಕದ್ದನ್ನು ಹಳಿಯ ಮೇಲಿಟ್ಟು ಗುಂಡಿಯನ್ನು ಕೂದಲಷ್ಟು ತಿರುಗಿಸಿದ. ಇಂಜಿನ್ನು ಹೊರಟಿತೋ ಇಲ್ಲವೋ ತಿಳಿಯದಷ್ಟು ನಿಧಾನವಾಗಿ, ಗಡಿಯಾರದ ದೊಡ್ಡ ಮುಳ್ಳಿನಂತೆ ಸರಿಯಿತು. “ನಿಧಾನ ಓಡೂದಽ ಕಷ್ಟರಿ” ಎಂದು ಹಾಲಸಿದ್ದಪ್ಪ ಅವಳಿಗೆ ವಿವರಿಸಿದರು. “ಜೋರಾಗಿ ಯಾವ್ದರ ಓಡ್ತತಿ. ನಿಧಾನಕ್ಕ ಬಂದ್ರ ಅಗ್ಗದ್ದು ಮುಗ್ಗರಸ್ತತಿ.” ಪುಣೆಯದು ಮುಗ್ಗರಿಸಲಿಲ್ಲ, ಆದರೆ ಹೊರಡುವಾಗ ಒಮ್ಮೆ ನಡುಗಿತು. ಎರಡಕ್ಕೂ ಡಬ್ಬಿಗಳನ್ನು ಜೋಡಿಸಿ ಏರು ಹತ್ತಿಸಿದರು. ಭಾರದ ಅಮೆರಿಕದ್ದು ನಡುವೆ ಚಕ್ರ ಜಾರಿ ನಿಂತಿತು. ಹಗುರಾದ ಪುಣೆಯದು ಗೊರಗೊರ ಎನ್ನುತ್ತಾ ಹತ್ತಿಹೋಯಿತು. “ಗಾಲಿಗೆ ರಬ್ಬರ್ ಪಟ್ಟಿ ಹಾಕ್ಯಾರ್ರಿ ಪುಣೆಯವ್ರು. ಶಾಣ್ಯಾರು” ಎಂದು ಹುಲುಗೇಶ್ ಗೋಡೆಯ ಬಿಳಿ ಹಲಗೆಯ ಮೇಲೆ ಅಂಕ ಬರೆದ. ಬಣ್ಣ, ಎಳೆತ, ನಿಧಾನ. ಕೊನೆಗೆ ಸದ್ದು. ಅಲ್ಲಿಗೆ ಬಂದಾಗ ಅವನ ಕೈ ನಿಂತಿತು.

“ಇದಽ ನೋಡ್ರಿ ತಾಯಿ ನಮ್ಮ ಜಗಳ” ಎಂದರು ಹಾಲಸಿದ್ದಪ್ಪ. “ಇಂಜಿನ್ ಅಂದ್ರ ಸದ್ದು ಬೇಕಲ್ರಿ? ಗಡಗಡ ಅಂದ್ರಽ ಇಂಜಿನ್. ಸರು ಒಪ್ಪತಿರಲಿಲ್ಲ. ಎಷ್ಟ ಚಲೋ ಇಂಜಿನ್ ಇರ್ಲಿ, ಸದ್ದು ಮಾಡಿದ್ರ ಮಾರ್ಕ್ಸ್ ಕಳದಬಿಡ್ತಿದ್ರು. ಸದ್ದಿಲ್ದಂಗ ಓಡ್ಬೇಕು, ಬಾಜೂ ಕ್ವಾಣ್ಯಾಗ ಇದ್ದವ್ರಿಗೆ ಗೊತ್ತಾಗಬಾರ್ದು, ಅಂತಿದ್ರು. ಜಗತ್ತಿನ್ಯಾಗ ಯಾರೂ ಹಿಂಗ ಮಾರ್ಕ್ಸ್ ಹಾಕಂಗಿಲ್ಲ ಬಿಡ್ರಿ. ಯಾಕ ಹಂಗ ಅಂತ ನಮಗ ತಿಳೀಲಿಲ್ಲ. ನಿಮಗೇನರ ಹೇಳಿದ್ರೇನು?”

ವರದಾ ಬಾಯಿ ತೆರೆದಳು. ಪಕ್ಕದ ಕೋಣೆ. ಕುರ್ಚಿ, ಕೆಂಪು ಪೆನ್ನು, ತಲೆನೋವು. ಗೊರಗೊರ ಶುರುವಾದ ಕೂಡಲೇ, ಸಾಕು ಮಾಡ್ರಿ ಇನ್ನ. ಆಮೇಲೆ ಕೆಲವು ಸಂಜೆ ಸದ್ದೇ ಇರುತ್ತಿರಲಿಲ್ಲ. ಅವನು ಆ ಹುಚ್ಚು ಬಿಟ್ಟಿರಬೇಕೆಂದು ಅವಳು ನೆಮ್ಮದಿಪಟ್ಟದ್ದೂ ಉಂಟು. ಒಮ್ಮೆ ಕಾಫಿ ಕೊಡಲು ಹೋದರೆ, ಕತ್ತಲಲ್ಲಿ ಪುಟ್ಟ ದೀಪವೊಂದು ಮೇಜಿನ ಸುತ್ತ ತಿರುಗುತ್ತಿತ್ತು, ಏನೂ ಸದ್ದಿಲ್ಲದೆ. ಅವನು ಬೆಚ್ಚಿ ಎದ್ದು ನಿಂತಿದ್ದ. “ಇದು ಕೇಳಂಗಿಲ್ಲಲ?” ಎಂದು ಕೇಳಿದ್ದ. ಯಾವ ದೇಶದ ಯಾವ ಕಂಪನಿ ಹೇಗೆ ಮಾಡಿದರೂ, ಅವನ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತದ್ದು ಅವಳು. ಅವಳ ಕಿವಿಗೆ ಬೀಳದ್ದು ಅವನಿಗೆ ಒಳ್ಳೆಯ ಇಂಜಿನ್ನು. ಆ ಲೆಕ್ಕವನ್ನು ನಂಬಿ ಎಲ್ಲೆಲ್ಲಿಯವರೋ ಇಂಜಿನ್ನು ಕೊಂಡಿದ್ದಾರು.

“ಇಲ್ಲ” ಎಂದಳು. “ಏನೂ ಹೇಳಿರಲಿಲ್ಲ.”

“ಲೇ ಹುಲುಗೇಶಾ, ಸರ್ ಹಿಡಿದಿದ್ದ ಕೊನೀದು ಹಚ್ಚು. ಅದರಾಗ ಸದ್ದಿನ ಬಗ್ಗೆ ಏನರ ಅಂದಿರ್ತಾರ.”

“ಅದು ಇನ್ನಾ ಕಟ್ ಮಾಡಿಲ್ರಿ ಮಾವಾರ. ಕಚ್ಚಾ ಐತಿ.”

“ಕಚ್ಚಾ ಇದ್ರ ಏನಾತು? ತಾಯಾರು ಅಷ್ಟ ದೂರದಿಂದ ಬಂದಾರ.”

ಹುಲುಗೇಶ್ ಅವಳ ಕಡೆ ನೋಡಿದ. ಬೇಡವೆನ್ನಿ ಎಂದು ಕೇಳಿಕೊಳ್ಳುವ ನೋಟ. ವರದಾಳಿಗೆ ಅದು ಅರ್ಥವಾಯಿತು, ಅರ್ಥವಾದದ್ದರಿಂದಲೇ ಹಟ ಬಂತು. ತನ್ನ ಗಂಡನ ವಿಡಿಯೋ. ತನಗೆ ತೋರಿಸಬಾರದ್ದು ಇವನ ಬಳಿ ಏನಿದೆ? “ಹಚ್ರಿ” ಎಂದಳು, ತರಗತಿಯಲ್ಲಿ ಹೇಳುವ ದನಿಯಲ್ಲಿ.

ಗೋಡೆಯ ಟಿವಿಯಲ್ಲಿ ಅವಳ ಮನೆಯ ಹಿಂದಿನ ಕೋಣೆ ಮೂಡಿತು. ಮುಖ ಬಂತು. ಅವಳು ಎಂಟು ತಿಂಗಳಿಂದ ಹುಡುಕುತ್ತಿದ್ದ ಮುಖ, ಇಷ್ಟು ಸುಲಭವಾಗಿ, ಒಂದು ಟ್ರ್ಯಾಕ್ಟರ್ ಅಂಗಡಿಯ ಮಹಡಿಯಲ್ಲಿ. ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದ. “ಇವತ್ತ ಮನಿಯೊಳಗ ಯಾರೂ ಇಲ್ಲ” ಎಂದು ಕ್ಯಾಮೆರಾಕ್ಕೆ ಹೇಳಿ, ಹುಡುಗನಂತೆ ನಕ್ಕ. “ಅದಕ್ಕ ಪುಣೆಯದನ್ನ ಪೂರ್ತಿ ಸದ್ದು ಇಟ್ಟು ಓಡಸ್ತೀನಿ. ಕೇಳ್ರಿ.” ಗಡಗಡ ಶುರುವಾಯಿತು. ಮೊದಲು ತಗ್ಗಿನಲ್ಲಿ, ಆಮೇಲೆ ಎದೆಯೊಳಗಿಂದ ಬಂದ ಹಾಗೆ. ಅವನು ಕಣ್ಣು ಮುಚ್ಚಿ ಕೇಳಿದ. ಅವನಿಗೆ ಇದು ಇಷ್ಟೊಂದು ಇಷ್ಟವಿತ್ತೆ? ಅವಳು ಮುಂದಕ್ಕೆ ಬಾಗಿದಳು. ಆಗ ಅಲ್ಲಿ ಎಲ್ಲೋ ಬಾಗಿಲು ತೆರೆದ ಸದ್ದಾಯಿತು, ಚಪ್ಪಲಿ ಬಿಟ್ಟ ಸದ್ದು. ತಂಗಿ ಸುಪ್ರಜಾಳ ದನಿ: “ಏನಽ ಅಕ್ಕಾ ಅದು ಗದ್ದಲ? ಭಾವ ಮಿಕ್ಸರ್ ಹಚ್ಚ್ಯಾರೇನು?” ಅದಕ್ಕೆ ಇನ್ನೊಂದು ದನಿ ಉತ್ತರ ಕೊಟ್ಟಿತು, ಚುರುಕಾದ, ಜೋರಾದ, ತಾನು ಹೇಳುವುದು ಬಲು ಸೊಗಸಾಗಿದೆ ಎಂದು ಗೊತ್ತಿರುವ ದನಿ. “ಮಿಕ್ಸರ್ ಅಲ್ಲಽ, ಕೂಸಿನ ಆಟ. ವರದಾ ಒಂದು ಕೂಸು ಹಡೀಲಿಲ್ಲ ಅಂತ ಜನ ಅಂತಾರಲ್ಲ, ಹಡೀಲಾರದಽ ಒಂದು ಸಾಕ್ಲಿಕ್ಕೆ ಹತ್ತೀನಿ ನೋಡು!” ಇಬ್ಬರ ನಗು. ಎತ್ತರದ ಚಾವಣಿಗೆ ಹೋಗಿ ತಿರುಗಿ ಬಂದ ನಗು.

ಪರದೆಯ ಮೇಲೆ ಸುಜಯೀಂದ್ರ ಕಣ್ಣು ತೆರೆದಿದ್ದ. ಬೆಚ್ಚಿರಲಿಲ್ಲ, ಸಿಟ್ಟೂ ಇರಲಿಲ್ಲ. ಮುಖವನ್ನು ಸ್ವಲ್ಪ ಎತ್ತಿ, ಬಾಗಿಲ ಕಡೆಗೆ ತಿರುಗಿ, ಕೊನೆಯ ನಗು ನಿಲ್ಲುವವರೆಗೂ ಕೇಳಿದ. ಅಷ್ಟರಲ್ಲಿ ಅವನ ಕೈ ತಾನಾಗಿಯೇ ಗುಂಡಿಗೆ ಹೋಗಿ ಸದ್ದನ್ನು ಇಳಿಸಿತ್ತು. ಇಂಜಿನ್ನು ಸದ್ದಿಲ್ಲದೆ ಅವನ ಮುಂದೆ ಹಾದುಹೋಯಿತು. “ಸದ್ದಿನ ಮಾರ್ಕ್ಸು ಮುಂದ ನೋಡೋಣ್ರಿ” ಎಂದು ಕ್ಯಾಮೆರಾಕ್ಕೆ ಮುಗುಳ್ನಕ್ಕ. ಚಿತ್ರ ನಿಂತಿತು. ಆ ದಿನ ಅವಳಿಗೆ ನೆನಪಿರಲಿಲ್ಲ. ಸುಪ್ರಜಾ ಎಷ್ಟೋ ಸಲ ಬಂದಿದ್ದಳು. ಇಂಥ ಮಾತು ಎಷ್ಟೋ ಸಲ ಆಡಿರಬಹುದು. ಆ ಸಂಜೆ ಅವನು ಎಂದಿನಂತೆ ಊಟಕ್ಕೆ ಕೂತಿರಬೇಕು, ಎಂದಿನಂತೆ ಸಾರು ಚೆನ್ನಾಗಿದೆ ಎಂದಿರಬೇಕು. ಅದಾಗಿ ಮೂರು ವಾರಕ್ಕೆ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಹಾಲಸಿದ್ದಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿ ಮುಗಿದ ಮೇಲೂ ಒರೆಸಿದರು. ಹುಲುಗೇಶ್ ಟಿವಿಯ ಮುಂದೆ ಅಡ್ಡ ನಿಂತಿದ್ದ, ಏನನ್ನೋ ಮುಚ್ಚುವವನಂತೆ. “ತಗೀತೀನ್ರಿ ಮೇಡಂ. ಅಷ್ಟು ತಗದಽ ಹಾಕ್ತೀನಿ. ಯಾವಾಗ್ಲೂ ತಗೀತಿದ್ದೆ.”

“ಯಾವಾಗ್ಲೂ?”

ಅವನು ನೆಲ ನೋಡಿದ. “ಎಲ್ಲಾದ್ರಾಗೂ ಒಂದಿಷ್ಟು ಇರ್ತಿತ್ರಿ... ಮನಿ ಅಂದಮ್ಯಾಲೆ ಮಾತು ಇರ್ತಾವ. ಸರ್ ಕಳಸೂವಾಗಽ ಹೇಳ್ತಿದ್ರು. ‘ಆಕಿ ದನಿ ಅಷ್ಟು ತಗೀಪಾ ಹುಲುಗೇಶಾ. ಕೇಳಿದವ್ರು ಬ್ಯಾರೆ ತಿಳ್ಕೋತಾರ. ಆಕಿ ಹಂಗಿಲ್ಲ’ ಅಂತಿದ್ರು.”

ಕೆಳಗೆ ರಸ್ತೆಯಲ್ಲಿ ಭತ್ತದ ಲಾರಿಯೊಂದು ಹಾರನ್ನು ಹೊಡೆಯುತ್ತಾ ಹೋಯಿತು. ವರ್ಷಗಟ್ಟಲೆ ಈ ಅಪರಿಚಿತ ಇಲ್ಲಿ ಕೂತು ಅವಳ ದನಿಯನ್ನು ಚೂರುಚೂರಾಗಿ ಕತ್ತರಿಸಿದ್ದಾನೆ. ಅವಳನ್ನು ಕಣ್ಣಿಂದ ನೋಡುವ ಮೊದಲೇ ಅವಳ ಬೈಗುಳ, ಗೊಣಗು, ಫೋನಿನ ಚಾಡಿ ಎಲ್ಲ ಇವನ ಕಿವಿಯೊಳಗೆ ಹಾದುಹೋಗಿವೆ. ಆದರೆ ಅವಳು ಕೇಳಿದ್ದು ಅದನ್ನಲ್ಲ. “ಹಂಗಿಲ್ಲ ಅಂದ್ರಲ್ಲ, ಮತ್ತ ಹೆಂಗಿದ್ದಾಳ ಅಂತ ಹೇಳಿದ್ರೇನು?”

“ಅದನ್ನ ನಾ ಕೇಳಲಿಲ್ರಿ” ಎಂದ ಹುಲುಗೇಶ್.

ಅವನು ಕಂಪ್ಯೂಟರಿನ ಮುಂದೆ ಕೂತು ಆ ಜಾಗ ಹುಡುಕಿದ. ಚಿತ್ರ ಕತ್ತರಿಸಲು ಬರುವುದಿಲ್ಲ, ಇಂಜಿನ್ನು ನಡುವೆ ಹಾರಿದಂತಾಗುತ್ತದೆ, ಸದ್ದನ್ನಷ್ಟೇ ಅಳಿಸುತ್ತೇನೆ ಎಂದ. ಅಳಿಸಿದ. ಮತ್ತೆ ತೋರಿಸಿದ. ಗಡಗಡ ಬಂತು, ಸುಜಯೀಂದ್ರ ಕಣ್ಣು ಮುಚ್ಚಿದ, ಆಮೇಲೆ ಒಮ್ಮೆಗೇ ಏನೂ ಇಲ್ಲ. ಏನೂ ಇಲ್ಲದ್ದರ ಕಡೆಗೆ ಅವನು ಕಣ್ಣು ತೆರೆದು ಮುಖ ಎತ್ತಿದ. ಯಾರೂ ಏನೂ ಅನ್ನದೆ ಇರುವಾಗ ಬಾಗಿಲ ಕಡೆಗೆ ತಿರುಗಿ ಕೇಳಿದ. ತನ್ನಷ್ಟಕ್ಕೆ ಗುಂಡಿ ಇಳಿಸಿದ. ಹೊಸದಾಗಿ ನೋಡುವವರಿಗೆ, ಆ ಮನುಷ್ಯನಿಗೆ ಎಲ್ಲಿಂದಲೋ ಏನೋ ಕೇಳಿಸುತ್ತಿದೆ, ಬೇರೆ ಯಾರಿಗೂ ಕೇಳಿಸದ್ದು, ಎಂದೇ ತೋರುತ್ತದೆ. ಮಾತಿದ್ದಾಗ ಅದಕ್ಕೊಂದು ಕೊನೆಯಿತ್ತು. ಈಗ ಅವನು ಕೇಳುತ್ತಲೇ ಇದ್ದಾನೆ. ಬೇಡ, ಮೊದಲಿದ್ದ ಹಾಗೆಯೇ ಇಡಿ, ಜನ ಕೇಳಲಿ, ಎನ್ನಬೇಕೆಂದು ಅವಳಿಗೆ ಗಂಟಲಿನವರೆಗೂ ಬಂತು. ಬಂದ ಕೂಡಲೇ, ಹಾಗೆಂದರೆ ಈ ಇಬ್ಬರೂ ತನ್ನನ್ನು ಎಂಥ ದೊಡ್ಡ ಮನಸ್ಸಿನವಳು ಎಂದುಕೊಂಡಾರು ಎಂಬ ಯೋಚನೆಯೂ ಅದರ ಬೆನ್ನಿಗೇ ಬಂತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡವು.

“ಸರಿ ಆತೇನ್ರಿ ಮೇಡಂ?”

“ಸರಿ ಆತು” ಎಂದಳು.

ಹಾಲಸಿದ್ದಪ್ಪ ಏನಾದರೂ ಮಾತು ಬೇಕೆಂದು ಬಿಳಿ ಹಲಗೆಯ ಪೆನ್ನನ್ನು ಅವಳ ಕೈಗೆ ಕೊಟ್ಟರು. “ಸದ್ದಿನ ಮಾರ್ಕ್ಸ್ ನೀವಽ ಹಾಕಿಬಿಡ್ರಿ ತಾಯಿ. ಮಾಸ್ತರಿಕಿ ಮಾಡೋರು ನೀವು.” ಅವಳು ಎದ್ದು ಹೋಗಿ ಪುಣೆಯದರ ಮುಂದೆ ಹತ್ತಕ್ಕೆ ಹತ್ತು ಬರೆದಳು. ಅಮೆರಿಕದ್ದಕ್ಕೆ ಸೊನ್ನೆ. ಹುಲುಗೇಶ್ ಕೂಡಿಸಿ ನೋಡಿದ, ಪುಣೆಯದು ಗೆದ್ದಿತ್ತು. ಹಾಲಸಿದ್ದಪ್ಪನಿಗೆ ಅವರು ಬಯಸಿದ ಗೆಲುವೇ ಸಿಕ್ಕಿತ್ತು, ಆದರೆ ಅವರು ಹಿಗ್ಗಲಿಲ್ಲ. “ಸರ್ ಇದ್ದಿದ್ರ ಒಪ್ಪತಿದ್ದಿಲ್ಲ” ಎಂದ ಹುಲುಗೇಶ್, ಮೆಲ್ಲಗೆ. ಅದು ನಿಜವೇ ಸುಳ್ಳೇ ಹೇಳಬಲ್ಲವನು ಒಬ್ಬನೇ ಇದ್ದ. ಎರಡನ್ನೂ ಇಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ, ಪಂಚೆಯ ತುಂಡುಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಚಹಾ ಬೇಡವೆಂದು ಅವಳು ಮೆಟ್ಟಿಲಿಳಿದಳು.

ಮಧ್ಯಾಹ್ನದ ಬಳ್ಳಾರಿ ಬಸ್ಸು ತುಂಬಿತ್ತು. ಹಿಂದೆ ಯಾರದೋ ಫೋನಿನಲ್ಲಿ ತೆಲುಗು ಹಾಡು, ಮುಂದೆ ಗಂಡಸರು ಭತ್ತದ ಮಾತಾಡುತ್ತಿದ್ದರು, ಕಂಬಿ ಹಿಡಿದು ನಿಂತ ಹೆಂಗಸರು ಒಬ್ಬರ ಮೇಲೊಬ್ಬರು ವಾಲುತ್ತಾ ನಗುತ್ತಿದ್ದರು. ಯಾರೂ ಯಾರಿಗೂ ಸುಮ್ಮನಿರಿ ಎನ್ನುತ್ತಿರಲಿಲ್ಲ. ಕಂಡಕ್ಟರು ಜನರ ನಡುವೆ ತೂರಿಕೊಂಡು ಬಂದ. “ಎಲ್ಲಿಗ್ರಿ ಅಕ್ಕಾರ?” ವರದಾ ಆಧಾರ್ ಕಾರ್ಡು ತೋರಿಸಿ “ಬಳ್ಳಾರಿ” ಎಂದಳು. ಅವನಿಗೆ ಕೇಳಿಸಲಿಲ್ಲ. ಕಿವಿ ಹತ್ತಿರ ತಂದ. ಅವಳು ಮತ್ತೆ ಹೇಳಿದಳು. ತುಟಿ ಅಲುಗಾಡಿದ್ದು ಅವಳಿಗೇ ಗೊತ್ತಾಯಿತು, ದನಿ ಬಂದಿರಲಿಲ್ಲ. “ಜೋರ ಹೇಳ್ರಿ, ಗದ್ದಲ ಐತಿ” ಎಂದ. ಅವಳು ಉಸಿರೆಳೆದುಕೊಂಡು “ಬಳ್ಳಾರಿ!” ಎಂದಳು. ಅದು ಹೊರಬಂದಾಗ ಊರಿನ ಹೆಸರಾಗಿರಲಿಲ್ಲ, ಬರೀ ಕೂಗಾಗಿತ್ತು. ಹಾಡು ಬಿಟ್ಟು ಉಳಿದದ್ದೆಲ್ಲ ನಿಂತಿತು. ನಗುತ್ತಿದ್ದ ಹೆಂಗಸರು, ಮುಂದಿನ ಸೀಟಿನ ಗಂಡಸರು, ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಕಂಡಕ್ಟರು ಒಂದು ಹೆಜ್ಜೆ ಹಿಂದೆ ಸರಿದು, ಟಿಕೆಟನ್ನು ಹರಿದು ಅವಳ ಬೆರಳುಗಳ ನಡುವೆ ಸಿಕ್ಕಿಸಿದ. “ಕೇಳಿಸ್ತ್ರಿ ಅಕ್ಕಾರ” ಎಂದ, ಸಮಾಧಾನ ಮಾಡುವವನಂತೆ, “ಕೇಳಿಸ್ತು.”